ನಲವತ್ತಾರೂವರೆ ಮಂದಿಯ ಸಮ್ಮೇಳನ

ಗರ್ವ ಒಳ್ಳೆಯದಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರ ಮುಖ ನೋಡಿದರೆ, ತಾವು ಗರ್ವ ಬಿಟ್ಟವರೆಂಬ ಗರ್ವ ಅಲ್ಲಿ ಎದ್ದು ಕಾಣುತ್ತಿರುತ್ತದೆ. ನನಗೆ ಆ ತೊಂದರೆ ಇಲ್ಲ. ನಾನು ಬಿಟ್ಟೇ ಇಲ್ಲ. ಶಿರಸಿಯ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಿದ್ದೇನೆ. ಯೋಜನೆ, ಸಂಘಟನೆ, ಮುನ್ನಂದಾಜು, ನಿಯಂತ್ರಣ ಎಂಬ ನಾಲ್ಕು ಪದಗಳನ್ನು ಅರೆನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳಬಲ್ಲೆ. ಮನೆಯ ಗ್ಯಾಸ್ ಸಿಲಿಂಡರು ಯಾವತ್ತು ಮುಗಿಯುತ್ತದೆ ಎಂಬುದನ್ನು ಮಾತ್ರ ಈವರೆಗೆ ಒಮ್ಮೆಯೂ ಸರಿಯಾಗಿ ಹೇಳಲು ಆಗಿಲ್ಲ. ಅದು ಪಠ್ಯಕ್ರಮದಲ್ಲಿ ಇಲ್ಲ.

ಸಿಲಿಂಡರಿನ ವಿಷಯ ನೋಡಿಕೊಳ್ಳುವವಳು ನನ್ನ ಹೆಂಡತಿ ನಾಗವೇಣಿ. ಅವಳು ಊರ ಅಂಚಿನ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಪಾಠ ಮಾಡುವವರು ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ಒಂದರಿಂದ ಐದನೆಯ ತರಗತಿ, ಕೋಣೆ ಎರಡು, ಪಾಠ ಮಾಡುವವರು ಇಬ್ಬರು, ಆ ಇಬ್ಬರಲ್ಲಿ ಒಬ್ಬರು ಯಾವಾಗಲೂ ಯಾವುದಾದರೂ ತರಬೇತಿಯಲ್ಲಿರುತ್ತಾರೆ. ಮನೆಗೆ ಯಾರಾದರೂ ಹೊಸಬರು ಬಂದಾಗ ನಾನು ಪರಿಚಯ ಹೇಳುವುದು ಹೀಗೆ: "ನಾನು ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ. ಇವಳು ಶಾಲೆಗೆ ಹೋಗ್ತಾಳೆ." ಒಮ್ಮೆ ಒಬ್ಬ ವಿಮಾ ಏಜೆಂಟರು ಇದನ್ನು ಕೇಳಿ, ನಗುವನ್ನು ತಡೆದುಕೊಂಡು, "ಎಷ್ಟನೇ ಕ್ಲಾಸು?" ಎಂದು ವಿಚಾರಿಸಿದ್ದರು. ನಾಗವೇಣಿ ನಕ್ಕಳು. ನಾನೂ ನಕ್ಕೆ. ಆದರೆ ನಾವಿಬ್ಬರೂ ನಕ್ಕಿದ್ದು ಒಂದೇ ಕಾರಣಕ್ಕೆ ಅಲ್ಲ ಎಂದು ನನಗೆ ಹೊಳೆಯಲು ಒಂದು ಸಮ್ಮೇಳನವೇ ನಡೆಯಬೇಕಾಯಿತು.

ಆ ಸಮ್ಮೇಳನದ ಕಥೆ ಹೇಳಬೇಕೆಂದೇ ಇಷ್ಟು ಪೀಠಿಕೆ ಹಾಕಿದ್ದು. ನಮ್ಮ ಪ್ರಿನ್ಸಿಪಾಲರಿಗೆ ಒಂದು ದಿನ ಒಂದು ಯೋಚನೆ ಬಂತು. ಮ್ಯಾನೇಜ್‌ಮೆಂಟ್ ವಿಷಯವನ್ನು ಹೇಗೆ ಕಲಿಸಬೇಕು ಎಂಬುದರ ಬಗ್ಗೆಯೇ ಒಂದು ದಿನದ ಸಮ್ಮೇಳನ ನಡೆಸಬೇಕು, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಅಧ್ಯಾಪಕರನ್ನು ಕರೆಯಬೇಕು, ಅವರವರು ಕಂಡುಕೊಂಡ ಉಪಾಯಗಳನ್ನು ಅವರ ಬಾಯಿಂದಲೇ ಕೇಳಬೇಕು ಎಂದು. ಆಡಳಿತ ಮಂಡಳಿಯವರು ಒಪ್ಪಿದರು, ಆದರೆ ಒಂದು ಮಾತು ಸೇರಿಸಿದರು: ಮೂವತ್ತು ಜನವೂ ಬಾರದಿದ್ದರೆ ಇಂಥ ಸಾಹಸಕ್ಕೆ ಇನ್ನು ಅನುಮತಿ ಕೇಳಬಾರದು. ಇದನ್ನು ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಓದಿ ಹೇಳಿದಾಗ ಇಡೀ ಕೋಣೆ ಮೇಜಿನ ಮೇಲಿದ್ದ ಅವಲಕ್ಕಿಯನ್ನು ಗಮನವಿಟ್ಟು ನೋಡತೊಡಗಿತು. ನನಗೆ ಸುಮ್ಮನಿರಲು ಬರುವುದಿಲ್ಲ. ಎದ್ದು ನಿಂತು, "ಮೂವತ್ತು ಯಾವ ಲೆಕ್ಕ ಸರ್! ಅಷ್ಟು ಜನ ಬಾರದಿದ್ದರೆ ನಾನು ಮ್ಯಾನೇಜ್‌ಮೆಂಟ್ ಪಾಠ ಮಾಡುವುದನ್ನೇ ಬಿಡುತ್ತೇನೆ" ಎಂದೆ. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಪೆನ್ನಿನ ಮುಚ್ಚಳ ತೆಗೆದು, ಆ ಮಾತನ್ನು ಹಾಗೆಯೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು. ಕೆಳಗೆ ನನ್ನ ಸಹಿಯನ್ನೂ ಹಾಕಿಸಿದರು. ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ಹೊರಗೆ ಬಂದ ಮೇಲೆ ನನ್ನ ಕೈ ಕುಲುಕಿ, "ಮುಂದಿನ ವರ್ಷ ನಿಮ್ಮ ಪೀರಿಯಡ್ಡು ನನಗೆ ಕೊಡ್ತಾರೋ ಏನೋ" ಎಂದರು.

ಆಹ್ವಾನ ಪತ್ರ ಬರೆಯಲು ನನಗೆ ಮೂರು ದಿನ ಹಿಡಿಯಿತು. ಅದನ್ನು ಈಗಲೂ ಓದಿದರೆ ಮೈ ನವಿರೇಳುತ್ತದೆ. "ಬೋಧನಾ ಕ್ಷೇತ್ರದಲ್ಲಿ ನವೀನ ಪರಿಕಲ್ಪನೆಗಳನ್ನು ಆವಿಷ್ಕರಿಸಿ ಅನುಷ್ಠಾನಗೊಳಿಸಿರುವ ಶಿಕ್ಷಣತಜ್ಞರನ್ನು ವಿಚಾರ ವಿನಿಮಯಕ್ಕಾಗಿ ಸಾದರವಾಗಿ ಆಹ್ವಾನಿಸಲಾಗಿದೆ" ಎಂದು ಶುರುವಾಗಿ, ಪ್ರಬಂಧದ ಸಾರಾಂಶ ಎಷ್ಟು ಪದ ಇರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು, ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬಲ್ಲಿಗೆ ಮುಗಿಯುತ್ತಿತ್ತು. ಕೊನೆಯಲ್ಲಿ ಆನ್‌ಲೈನ್ ಫಾರ್ಮಿನ ಕೊಂಡಿ. ಗೊತ್ತಿದ್ದ ಎಲ್ಲಾ ವಿಳಾಸಗಳಿಗೂ ಇಮೇಲ್ ಮಾಡಿದೆ, ನಾನಿದ್ದ ಎಲ್ಲಾ ವಾಟ್ಸಾಪ್ ಗುಂಪುಗಳಿಗೂ ಹಾಕಿದೆ, ನಾನಿಲ್ಲದ ಗುಂಪುಗಳಿಗೆ ಬೇರೆಯವರಿಂದ ಹಾಕಿಸಿದೆ. ಹೆಬ್ಬೆರಳು ಎತ್ತಿದವರು ಎತ್ತಿದರು, ಕೈ ಮುಗಿದವರು ಮುಗಿದರು, ಒಬ್ಬರು ಅದರ ಕೆಳಗೇ ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿದರು. ಎರಡು ವಾರ ಕಳೆದ ಮೇಲೆ ಫಾರ್ಮು ತೆರೆದು ನೋಡಿದರೆ ಮೂರು ಹೆಸರಿದ್ದವು. ಮೊದಲನೆಯದು ನನ್ನದೇ, ಫಾರ್ಮು ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ತುಂಬಿದ್ದು. ಎರಡನೆಯದು ಬ್ಯಾನರು ಹಾಕಿಕೊಡುವ ಅಂಗಡಿಯವರದು. ಸಮ್ಮೇಳನಕ್ಕೆ ಬ್ಯಾನರು ಬೇಕಾದರೆ ತಿಳಿಸಿ ಎಂದಿದ್ದರು. ಮೂರನೆಯವರು ಯಲ್ಲಾಪುರದ ಅಧ್ಯಾಪಕರು. ಪ್ರಬಂಧದ ಶೀರ್ಷಿಕೆ ಎಂಬ ಕಡೆ ಅವರು "ನೋಡೋಣ" ಎಂದು ತುಂಬಿದ್ದರು.

ಆ ದಿನ ಸಂಜೆ ನಾನು ಮನೆಯಲ್ಲಿ ಚಹಾ ಕುಡಿಯದೆ ಲೋಟವನ್ನೇ ನೋಡುತ್ತ ಕೂತಿದ್ದೆ. ನಾಗವೇಣಿ ಮಕ್ಕಳ ಪಟ್ಟಿ, ಅಂದರೆ ನೋಟ್‌ಬುಕ್ಕು, ತಿದ್ದುತ್ತಿದ್ದವಳು ತಲೆ ಎತ್ತದೇ ಕೇಳಿದಳು: "ಮೋರೆ ಎಂತಕ್ಕೆ ಹಂಗಾಯ್ದು?"

"ಯಾರೂ ಬಪ್ಪಾಂಗೆ ಕಾಣ್ತಿಲ್ಲೆ" ಎಂದೆ.

"ಎಷ್ಟು ಜನಕ್ಕೆ ಕರೆದ್ರಿ?"

"ಮೂರು ತಾಲೂಕಿಗೂ ಕಳ್ಸಿದ್ದೆ."

ಆಗ ಅವಳು ಕೆಂಪು ಪೆನ್ನು ಕೆಳಗಿಟ್ಟಳು. "ಕಳ್ಸಿದ್ದು ಬೇರೆ, ಕರೆದ್ದು ಬೇರೆ. ನಿಂಗ ಯಾರನ್ನೂ ಕರೆದ್ದೇ ಇಲ್ಲೆ."

ನನಗೆ ತಟ್ಟನೆ ಹೆಗ್ಗರಣೆಯ ಸೋದರಮಾವ ನೆನಪಾದ. ನಮ್ಮ ಮದುವೆಗೆ ಅವನಿಗೆ ಕಾಗದ ಅಂಚೆಯಲ್ಲಿ ಹೋಗಿತ್ತು. ಮಾವ ಬರಲಿಲ್ಲ. ಆಮೇಲೆ ಕೇಳಿದ್ದಕ್ಕೆ, "ಪೋಸ್ಟಿನವ ಬಂದು ಕರೆದ. ಅವನ ಮನೆ ಮದ್ವೆ ಆದ್ರೆ ಹೋಗ್ತೆ" ಎಂದ. ಆ ಮುನಿಸು ಇಳಿಯಲು ಎರಡು ಉಪನಯನ, ಒಂದು ಗೃಹಪ್ರವೇಶ ಬೇಕಾದವು; ಮೂರಕ್ಕೂ ನಾವು ಖುದ್ದಾಗಿ ಹೋಗಿ ಕರೆದಿದ್ದೆವು. ನಮ್ಮ ಸೀಮೆಯಲ್ಲಿ ಕರೆಯ ಹೇಳುವುದೆಂದರೆ ಅದಕ್ಕೊಂದು ರೀತಿ ಇದೆ. ಮನೆಗೆ ಹೋಗಬೇಕು, ಕೂರಬೇಕು, ಕೊಟ್ಟದ್ದನ್ನು ಕುಡಿಯಬೇಕು, ಅವರ ಮಂಡಿನೋವು ವಿಚಾರಿಸಬೇಕು, ಬಂದ ಕೆಲಸವನ್ನು ಮಾತ್ರ ಬಾಯಿಬಿಡಬಾರದು. ಹೊರಡಲು ಎದ್ದು ಹೊಸ್ತಿಲ ಹತ್ತಿರ ಬಂದಾಗ, ಆಗಷ್ಟೇ ನೆನಪಾದವರಂತೆ, "ನಮ್ಮಲ್ಲೊಂದು ಕಾರ್ಯ ಇದ್ದು" ಎನ್ನಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಮರೆತದ್ದು, ಸಮ್ಮೇಳನಕ್ಕೆ ಬರುವವರು ಶಿಕ್ಷಣತಜ್ಞರು, ಅವರು ಬೇರೆಯೇ ಜಾತಿಯ ಜನ ಎಂದು ತಿಳಿದಿದ್ದರಿಂದ.

"ಈ ಭಾನುವಾರ ಸಿದ್ದಾಪುರ, ಬನವಾಸಿ. ಮುಂದಿನ ಭಾನುವಾರ ಯಲ್ಲಾಪುರ" ಎಂದು ನಾಗವೇಣಿ ತೀರ್ಮಾನ ಹೇಳಿದಳು. "ಆನೂ ಬತ್ತೆ. ನಿಂಗ ಒಬ್ರೇ ಹೋದ್ರೆ ಹೊಸ್ತಿಲು ದಾಟ್ತಿದ್ದಂಗೆ ಭಾಷಣ ಶುರು ಮಾಡ್ತ್ರಿ."

ಹೀಗೆ ನಮ್ಮ ಹಳೆಯ ಕಾರು ಹೊರಟಿತು. ನಾಗವೇಣಿಯ ಕೈಯಲ್ಲಿ ಶಾಲೆಯ ಬಿಸಿಯೂಟದ ಹಳೆಯ ನೋಟ್‌ಬುಕ್ಕು, ಹಿಂದಿನ ಹಾಳೆಗಳು ಖಾಲಿ ಇದ್ದವು. ಮೊದಲ ಮನೆ ಕೋಲಸಿರ್ಸಿಯ ಶ್ರೀಧರ ಸರ್ ಅವರದು. ದಿನಾ ಸಿದ್ದಾಪುರಕ್ಕೆ ಹೋಗಿ ವಾಣಿಜ್ಯ ಪಾಠ ಮಾಡುವವರು. ಹೋದ ಕೂಡಲೇ "ಆಸ್ರಿಗೆ ಎಂತ ಅಡ್ಡಿಲ್ಲೆ?" ಎಂದರು, ಅಂದರೆ ಕುಡಿಯಲು ಏನು ಕೊಡಲಿ ಎಂದು. ಕಷಾಯ ಬಂತು. ಮಂಡಿನೋವಿನ ವಿಚಾರವಾಯಿತು. ಅವರ ಮಂಡಿ ಚೆನ್ನಾಗಿಯೇ ಇತ್ತು, ಹಾಗಾಗಿ ಸೊಂಟದ ವಿಚಾರ ಮಾಡಿದೆವು. ಹೊಸ್ತಿಲಲ್ಲಿ ನಾನು ವಿಷಯ ಹೇಳಿದಾಗ ಅವರ ಮುಖ ಗಂಟಿಕ್ಕಿತು. "ಈಗ ಬಂದು ಹೇಳ್ತ್ರಲಿ ಮಾರಾಯ್ರೆ! ಆ ಶನಿವಾರ ಪೈಪಿನ ರಿಪೇರಿಯವ ಬತ್ತೆ ಹೇಳಿದ್ದ. ಮುಂಚೆ ಹೇಳಕಾಗಿತ್ತು."

"ವಾಟ್ಸಾಪಲ್ಲಿ ಕಳ್ಸಿದ್ನಲಿ ಸರ್."

"ಬಂದಿತ್ತು, ನೋಡಿದ್ದೆ. ಅದು ಊರಿಗೆಲ್ಲ ಕಳ್ಸಿದ್ದು. ನಂಗೆ ಕಳ್ಸಿದ್ದಲ್ಲ."

ಕಾರಿಗೆ ಬಂದು ನಾನು ನಿಟ್ಟುಸಿರು ಬಿಟ್ಟೆ, ಒಂದು ಮನೆ ಹೋಯಿತು ಎಂದು. ನಾಗವೇಣಿ ಅವರ ಹೆಸರಿನ ಮುಂದೆ 'ಒಂದು' ಎಂದು ಬರೆಯುತ್ತಿದ್ದಳು. ಸಿದ್ದಾಪುರ ಪೇಟೆಯ ಇನ್ನೊಬ್ಬರು ಅಧ್ಯಾಪಕರು ನಮ್ಮನ್ನು ಗೇಟಿನವರೆಗೆ ಕಳಿಸಲು ಬಂದು, "ಖಂಡಿತ ಬತ್ಯ, ನೂರಕ್ಕೆ ನೂರು ಬತ್ಯ" ಎಂದು ನನ್ನ ಕೈ ಹಿಡಿದುಕೊಂಡರು. ಅವಳು ಅವರ ಮುಂದೆ ಸೊನ್ನೆ ಹಾಕಿದಳು. ನಾನು ಕಾರು ನಿಲ್ಲಿಸಿಯೇ ಕೇಳಿದೆ, ಇದು ಯಾವ ನ್ಯಾಯ ಎಂದು. ಅವಳ ನ್ಯಾಯ ಸರಳವಾಗಿತ್ತು. ಬರುವವನಿಗೆ ಬರುವ ಕಷ್ಟ ಕಣ್ಣೆದುರು ಕಾಣುತ್ತದೆ, ಆದ್ದರಿಂದ ಗೊಣಗುತ್ತಾನೆ. ಬಾರದವನಿಗೆ ಯಾವ ಕಷ್ಟವೂ ಇಲ್ಲ, ಖಂಡಿತ ಎನ್ನಲು ಅವನಿಗೇನು ಹೋಗುತ್ತದೆ? "ನೋಡನ" ಎಂದವರಿಗೆ ಅರ್ಧ.

"ಅರ್ಧ ಮನುಷ್ಯ ಹೆಂಗೆ ಬತ್ತ?"

"ಊಟಕ್ಕೆ ಬತ್ತ, ಭಾಷಣಕ್ಕೆ ಇರ್ತ್ನಿಲ್ಲೆ. ಅಂಥವು ಇಬ್ರು ಸೇರಿದ್ರೆ ಒಂದು."

ಬನವಾಸಿಯಲ್ಲಿ ಬಸವರಾಜ ಸರ್ ಬಾಗಿಲಲ್ಲೇ ನಿಂತು, "ಬರ್ರಿ ಬರ್ರಿ, ಒಳಗ ಬರ್ರಿ, ಅಕ್ಕಾರೂ ಬಂದಾರ" ಎಂದು ಕರೆದು ಕೂರಿಸಿದರು. ಅವರ ಮನೆಯಲ್ಲಿ ಅನಾನಸು ಹೆಚ್ಚಿ ತಟ್ಟೆ ತುಂಬ ಇಟ್ಟರು. ನಾನು ಕರೆಯುವ ಭರದಲ್ಲಿ, ಬಾಯಿಗೆ ರೂಢಿಯಾದ ಮಾತು, "ಮನೆಮಂದಿ ಎಲ್ಲಾ ಬರಬೇಕು" ಎಂದುಬಿಟ್ಟೆ. ಮ್ಯಾನೇಜ್‌ಮೆಂಟ್ ಬೋಧನೆಯ ಸಮ್ಮೇಳನಕ್ಕೆ ಮನೆಮಂದಿಯನ್ನು ಕರೆದ ಮೊದಲಿಗ ನಾನೇ ಇರಬೇಕು. ಬಸವರಾಜ ಸರ್ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. "ಅಲ್ರೀ ಸರ್, ನಿಮ್ಮ ಕಾಲೇಜಿನಾಗ ಗಾಡಿ ನಿಲ್ಲಸಾಕ ನೆರಳ ಐತೇನ್ರಿ?" ಎಂದಷ್ಟೇ ಕೇಳಿದರು. ನಾಗವೇಣಿ 'ಮೂರು' ಎಂದು ಬರೆದಳು. ನೆರಳು ಕೇಳಿದವರು ಇಡೀ ದಿನ ಇರುತ್ತಾರೆ, ಕಾರಿನಲ್ಲಿ ಬರುತ್ತಾರೆ, ಕಾರಿನಲ್ಲಿ ಬರುವವರು ಒಬ್ಬರೇ ಬರುವುದಿಲ್ಲ ಎಂದು ವಿವರಣೆ ಕೊಟ್ಟಳು.

ಎರಡನೆಯ ಭಾನುವಾರ ಯಲ್ಲಾಪುರವೂ ಮುಗಿಯಿತು. ನಡುವಿನ ದಿನಗಳಲ್ಲಿ ಸಂಜೆ ಶಿರಸಿಯ ಮನೆಗಳನ್ನು ಮುಗಿಸಿದೆವು. ಎರಡು ವಾರಗಳಲ್ಲಿ ನಾವು ಕುಡಿದ ಕಷಾಯ, ಚಹಾ, ಮಜ್ಜಿಗೆ, ಕೋಕಂಗಳನ್ನು ನನ್ನ ಹೊಟ್ಟೆ ಇನ್ನೂ ಮರೆತಿಲ್ಲ. ನಾಗವೇಣಿ ಕೂಡಿಸಿ ನೋಡಿ, "ನಲವತ್ತಾರೂವರೆ" ಎಂದಳು.

"ನೋಡನದವ್ರನ್ನ ಜೋಡಿ ಮಾಡಿದ್ಯಲೆ. ಇದ್ಯಾವುದು ಅರ್ಧ ಉಳತ್ತು?"

"ಇದ್ದು ಒಂದು. ಆಮೇಲೆ ಹೇಳ್ತೆ" ಎಂದು ಪುಸ್ತಕ ಮುಚ್ಚಿದಳು.

ಸೋಮವಾರ ಪ್ರಿನ್ಸಿಪಾಲರು ಕರೆದು, ಅಡುಗೆಯವರಿಗೆ ಎಷ್ಟು ಜನ ಎಂದು ಹೇಳಬೇಕು ಎಂದರು. ಫಾರ್ಮಿನಲ್ಲಿ ಆಗ ನಾಲ್ಕು ಹೆಸರಿದ್ದವು. ನಾಲ್ಕನೆಯದೂ ನನ್ನದೇ, ಧೈರ್ಯಕ್ಕೆಂದು ಮತ್ತೊಮ್ಮೆ ತುಂಬಿದ್ದೆ. ಇಪ್ಪತ್ತೆರಡು ವರ್ಷ ಮುನ್ನಂದಾಜಿನ ಪಾಠ ಮಾಡಿದವನ ಎದುರು ಈಗ ಎರಡು ಸಂಖ್ಯೆಗಳಿದ್ದವು: ಒಂದು ಯಂತ್ರ ಹೇಳಿದ್ದು, ಇನ್ನೊಂದು ಬಿಸಿಯೂಟದ ಪುಸ್ತಕದ ಹಿಂಬದಿಯಲ್ಲಿ ಬರೆದದ್ದು. ಕಣ್ಣು ಮುಚ್ಚಿಕೊಂಡು "ನಲವತ್ತಾರು" ಎಂದೆ. ಪ್ರಿನ್ಸಿಪಾಲರು ಬೆರಗಾಗಿ, "ಯಾವ ವಿಧಾನದಿಂದ ಕಂಡುಹಿಡಿದಿರಿ?" ಎಂದರು.

ಇಲ್ಲಿ ನಾನೊಂದು ತಪ್ಪೊಪ್ಪಿಕೊಳ್ಳಬೇಕು. ನನ್ನ ಹೆಂಡತಿ ಹೇಳಿದಳು ಎನ್ನಲು ಒಂದು ಉಸಿರು ಸಾಕಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಕ್ಷೇತ್ರಕಾರ್ಯ ಆಧಾರಿತ ಪ್ರತಿಕ್ರಿಯಾ ವಿಶ್ಲೇಷಣೆ" ಎಂದೆ. ಅವರು ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರು.

ಸಮ್ಮೇಳನದ ಶನಿವಾರ ಬೆಳಿಗ್ಗೆ ನಾನು ಹೊಸ ಅಂಗಿ ಹಾಕಿಕೊಂಡು ಹೊರಟಾಗ ನಾಗವೇಣಿ ಶಾಲೆಗೆ ಹೊರಟಿದ್ದಳು. ಶನಿವಾರ ಅವಳಿಗೆ ಬೆಳಗಿನ ಶಾಲೆ. "ಚೊಲೋ ಆಗ್ಲಿ" ಎಂದಳು. ನಾನು "ಹ್ಞೂಂ" ಎಂದೆ. ಒಂಬತ್ತೂವರೆಗೆ ಸಭಾಂಗಣದಲ್ಲಿ ಇದ್ದವರು ನಾನು, ಪ್ರಿನ್ಸಿಪಾಲರು ಮತ್ತು ಬ್ಯಾನರಿನವರು. ಹತ್ತಕ್ಕೂ ಅಷ್ಟೇ. ಅಡುಗೆಯ ಮುಖ್ಯಸ್ಥರು ಬಾಗಿಲಲ್ಲಿ ಬಂದು ಖಾಲಿ ಕುರ್ಚಿಗಳನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ ಒಳಗೆ ಹೋದರು. ಪ್ರಿನ್ಸಿಪಾಲರ ಕಂಕುಳಲ್ಲಿ ನಡಾವಳಿ ಪುಸ್ತಕ ಇತ್ತು. ಅದನ್ನು ಯಾಕೆ ತಂದಿದ್ದಾರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅರ್ಥಶಾಸ್ತ್ರದವರು ಬಂದು ನನ್ನ ಪೀರಿಯಡ್ಡುಗಳ ವೇಳಾಪಟ್ಟಿಯನ್ನು ಒಮ್ಮೆ ತೋರಿಸಬಹುದೇ ಎಂದು ಕೇಳಿದರು.

ಹತ್ತೂಕಾಲಿಗೆ ಸಿದ್ದಾಪುರದ ಬಸ್ಸು ಬಂತು. ಮೊದಲು ಗೇಟು ಹೊಕ್ಕವರು ಕೋಲಸಿರ್ಸಿಯ ಶ್ರೀಧರ ಸರ್, ಬರುತ್ತಲೇ "ಪೈಪಿನವ್ನಿಗೆ ನಾಳೆ ಬಾ ಹೇಳಿದ್ದೆ, ಏನು ಮಾಡದು" ಎಂದು ಗೊಣಗುತ್ತ. ಅವರ ಹಿಂದೆ ಇನ್ನೂ ಏಳೆಂಟು ಜನ, ಎಲ್ಲರೂ ಏನಾದರೊಂದು ಗೊಣಗುತ್ತಲೇ ಇದ್ದರು. ನನ್ನ ಜೀವಮಾನದಲ್ಲಿ ಗೊಣಗಾಟ ಅಷ್ಟು ಇಂಪಾಗಿ ಕೇಳಿದ್ದು ಅದೊಂದೇ ದಿನ. ಯಲ್ಲಾಪುರದವರು ಒಂದು ವ್ಯಾನು ಮಾಡಿಕೊಂಡು ಬಂದರು. ಬಸವರಾಜ ಸರ್ ಕಾರನ್ನು ಹಲಸಿನ ಮರದ ನೆರಳಿಗೆ ನಿಲ್ಲಿಸಿ, ಹೆಂಡತಿ ಮತ್ತು ಅತ್ತೆಯ ಜೊತೆ ಇಳಿದು, "ಮನಿಮಂದಿ ಎಲ್ಲಾ ಬರ್ರಿ ಅಂದಿದ್ರೆಲ್ರೀ" ಎಂದು ನಕ್ಕರು. ಅವರ ಅತ್ತೆಯವರು ಮೊದಲ ಸಾಲಿನ ನಡು ಕುರ್ಚಿಯಲ್ಲಿ ಕೂತರು. ಆ ಕುರ್ಚಿ ಆಡಳಿತ ಮಂಡಳಿಯ ಅಧ್ಯಕ್ಷರದಾಗಿತ್ತು, ಅಧ್ಯಕ್ಷರೇ ಎರಡನೆಯ ಸಾಲಿಗೆ ಹೋದರು. ಸಿದ್ದಾಪುರದ ನೂರಕ್ಕೆ ನೂರಿನವರು ಕಾಣಲಿಲ್ಲ. ಹನ್ನೊಂದಕ್ಕೆ ನಾನು ಬಾಗಿಲಲ್ಲಿ ನಿಂತು ಎಣಿಸಿದರೆ ನಲವತ್ತು. ಊಟದ ಹೊತ್ತಿಗೆ ಸರಿಯಾಗಿ ಮತ್ತೆ ಆರು ಜನ ಬಂದರು. ಅವರನ್ನು ನಾನು ಗುರುತಿಸಿದೆ, ನೋಡನ ಎಂದ ಹನ್ನೆರಡು ಜನರಲ್ಲಿ ಸರಿಯಾಗಿ ಅರ್ಧ.

ಬೆಳಗಿನ ಗೋಷ್ಠಿ ಬಹಳ ಚೆನ್ನಾಗಿ ನಡೆಯಿತು, ಯಾಕೆಂದರೆ ಪ್ರಬಂಧವನ್ನು ಯಾರೂ ಬರೆದು ತಂದಿರಲಿಲ್ಲ. ಸಾಲುಗಳ ನಡುವೆ ಬಿಡಬೇಕಾದ ಜಾಗದ ಬಗ್ಗೆ ನಾನು ಕೊಟ್ಟ ಸೂಚನೆ ಹಾಗೆಯೇ ಉಳಿಯಿತು. ಎಲ್ಲರೂ ಬಾಯಲ್ಲೇ ಮಾತಾಡಿದರು, ತಾವು ಮಾಡಿದ್ದನ್ನು ಮಾತ್ರ ಹೇಳಿದರು. ಶ್ರೀಧರ ಸರ್ ತಮ್ಮ ವಿದ್ಯಾರ್ಥಿಗಳನ್ನು ಸಂತೆಯಲ್ಲಿ ಸೌತೆಕಾಯಿ ಮಾರಲು ಕೂರಿಸಿದ ಕಥೆ ಹೇಳಿದರು. ಯಲ್ಲಾಪುರದ ರೇಷ್ಮಾ ಮೇಡಂ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ಮೇಜಿಗೆ ಬರುವವರೆಗೆ ಎಷ್ಟು ಕೈ ದಾಟುತ್ತದೆ ಎಂದು ಮಕ್ಕಳಿಂದ ಬರೆಸಿದ ಪಟ್ಟಿ ತಂದಿದ್ದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ಮಾಡದ ಪಾಠಗಳು ಇವು. ಹೊಟ್ಟೆಕಿಚ್ಚೂ ಆಯಿತು, ಇವರೆಲ್ಲ ನಮ್ಮವರೇ ಎಂದು ಎದೆಯೂ ಉಬ್ಬಿತು.

ಊಟಕ್ಕೆ ಬಿಡುವ ಮೊದಲು ಪ್ರಿನ್ಸಿಪಾಲರು ಎದ್ದು ನಿಂತು ನಡಾವಳಿ ಪುಸ್ತಕ ತೆರೆದರು. ನಾನು ಸಹಿ ಹಾಕಿದ್ದ ಪ್ರತಿಜ್ಞೆಯನ್ನು ಎಲ್ಲರೆದುರು ಓದಿದರು. ನಗು ನಿಂತ ಮೇಲೆ, "ಇವರು ಸೋಮವಾರವೇ ನಲವತ್ತಾರು ಎಂದು ಹೇಳಿದ್ದರು. ಅಡುಗೆಯವರು ಎಲೆ ಹಾಕಲು ಈಗ ಎಣಿಸಿದಾಗಲೂ ಅಷ್ಟೇ ಜನ. ಊಟವಾದ ಮೇಲೆ ಮೊದಲ ಮಾತು ಇವರದೇ. ಕ್ಷೇತ್ರಕಾರ್ಯ ಆಧಾರಿತ ಪ್ರತಿಕ್ರಿಯಾ ವಿಶ್ಲೇಷಣೆ ಎಂದರೇನು ಎಂದು ವಿವರಿಸುತ್ತಾರೆ" ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಬಸವರಾಜ ಸರ್ ಕೈ ಎತ್ತಿದರು. "ಸರ್, ಒಂದ್ ಮಾತು. ಆವತ್ತು ನಮ್ಮನಿಯೊಳಗ ಪುಸ್ತಕದಾಗ ಬರಕೊಂತಿದ್ದವರು ಅಕ್ಕಾರಲ್ರೀ? ಅವರೆಲ್ಲಿ? ಕಾಣವಲ್ಲರಲ್ಲ."

ಸಭೆ ನನ್ನತ್ತ ನೋಡಿತು. "ನಮ್ಮನೆಗೆ ಬಂದಾಗ್ಲೂ ಅಕ್ಕೋರೇ ಬರ್ಕತ್ತಿದ್ದಿದ್ರು" ಎಂದರು ಶ್ರೀಧರ ಸರ್. "ನಮ್ಮಲ್ಲೂ" ಎಂದರು ರೇಷ್ಮಾ ಮೇಡಂ. ಮೊದಲ ಸಾಲಿನಿಂದ ಬಸವರಾಜ ಸರ್ ಅವರ ಅತ್ತೆಯವರು, ಅವರಿಗೆ ಯಾರ ಅಂಜಿಕೆಯೂ ಇಲ್ಲ, "ಊರನ್ನೆಲ್ಲ ಕರ್ದು ಹೇಣ್ತಿನ್ನ ಮನಿಯಾಗ ಬಿಟ್ಟ ಬಂದಿಯೇನಪಾ?" ಎಂದು ಕೇಳಿಯೇಬಿಟ್ಟರು.

ಆಗ ನನಗೆ ಹೊಳೆಯಿತು. ಮೂರು ತಾಲೂಕು ಸುತ್ತಿ, ಮನೆಮನೆಯ ಹೊಸ್ತಿಲಲ್ಲಿ ನಿಂತು ಕರೆದಿದ್ದೆ. ಒಂದು ಮನೆ ಬಿಟ್ಟುಹೋಗಿತ್ತು. ಶಿಕ್ಷಣತಜ್ಞರಿಗೆ ಆಹ್ವಾನ ಎಂದು ಮೂರು ದಿನ ಕೂತು ಬರೆದಾಗ, ಪಕ್ಕದ ಕುರ್ಚಿಯಲ್ಲಿ ಪಟ್ಟಿ ತಿದ್ದುತ್ತಿದ್ದವಳು ಆ ಮಾತಿಗೆ ಸೇರುತ್ತಾಳೆ ಎಂದು ಅನ್ನಿಸಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಎದ್ದು ನಿಂತು, "ಆ ವಿಶ್ಲೇಷಣೆ ನನ್ನದಲ್ಲ, ಅವಳದ್ದು. ಅವಳನ್ನು ನಾನು ಕರೆದಿಲ್ಲ. ಊಟ ಮುಗಿಯುವುದರೊಳಗೆ ಕರೆದು ಬರುತ್ತೇನೆ" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಯಾವ ಭಾಷಣಕ್ಕೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

ಮನೆಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ನಾಗವೇಣಿ ಶಾಲೆಯಿಂದ ಬಂದು ಬಟ್ಟೆ ಮಡಿಚುತ್ತಿದ್ದಳು. ನಾನು ಏದುಸಿರು ಬಿಡುತ್ತ ಒಳಗೆ ನುಗ್ಗಿ, "ಬೇಗ ಹೊರಡು, ಎಲ್ಲರೂ ಕಾಯ್ತಾ ಇದ್ದ" ಎಂದೆ. ಅವಳು ನನ್ನನ್ನು ನೋಡಿದಳು, ಬಟ್ಟೆ ನೋಡಿದಳು. "ನಂಗೆ ಯಾರೂ ಕರೆದಿದ್ದಿಲ್ಲೆ" ಎಂದಳು. ಸಿಟ್ಟಿರಲಿಲ್ಲ. ಇಂದು ಹಾಲಿನವನು ಬಂದಿಲ್ಲ ಎನ್ನುವ ಹಾಗೆ ಹೇಳಿದಳು. ನಾನು ಹೊರಗೆ ಹೋದೆ, ಚಪ್ಪಲಿ ಹಾಕಿಕೊಂಡೆ, ಬಾಗಿಲು ಎಳೆದುಕೊಂಡೆ, ಮತ್ತೆ ಗಂಟೆ ಒತ್ತಿದೆ.

ಬಾಗಿಲು ತೆರೆಯಿತು. "ಓ, ಬನ್ನಿ ಬನ್ನಿ" ಎಂದಳು. ನಮ್ಮದೇ ಮನೆಯ ಸೋಫಾದ ಅಂಚಿನಲ್ಲಿ ಕೂತೆ. "ಆಸ್ರಿಗೆ ಎಂತ ಅಡ್ಡಿಲ್ಲೆ?" ಎಂದು ಕೇಳಿ ಮಜ್ಜಿಗೆ ತಂದುಕೊಟ್ಟಳು. ಕುಡಿದೆ. ಅಲ್ಲಿ ನಲವತ್ತಾರು ಜನ ಪಾಯಸದವರೆಗೆ ಬಂದಿರುತ್ತಾರೆ ಎಂದು ಗಡಿಯಾರ ನೋಡಿದೆ, ಆದರೆ ರೀತಿ ಬಿಡುವಂತಿಲ್ಲ. "ಮನೆಲ್ಲಿ ಎಲ್ಲ ಅರಾಮಾ?" ಎಂದೆ.

"ಅರಾಮು. ಯಜಮಾನ್ರಿಗೆ ಮಾತ್ರ ಸ್ವಲ್ಪ ಮರವು."

ಎದ್ದೆ, ಹೊಸ್ತಿಲಿಗೆ ಬಂದೆ, ತಿರುಗಿ ನಿಂತೆ. "ನಮ್ಮ ಕಾಲೇಜಲ್ಲಿ ಒಂದು ಸಮ್ಮೇಳನ ಇದ್ದು. ಪಾಠ ಮಾಡವು ಎಲ್ಲಾ ಸೇರಿ ತಂತಮ್ಮ ಉಪಾಯ ಹೇಳದು. ಅಕ್ಕೋರು ಬಂದು ಎರಡು ಮಾತು ಹೇಳವು."

"ಖಂಡಿತ ಬತ್ತೆ. ನೂರಕ್ಕೆ ನೂರು ಬತ್ತೆ" ಎಂದಳು ನಾಗವೇಣಿ.

ಸೊನ್ನೆ! ಅವಳದೇ ಲೆಕ್ಕದಲ್ಲಿ ಸೊನ್ನೆ. "ತಪ್ಪಾತು. ಇದು ಮೊದಲನೇ ಮನೆ ಆಗಕಾಗಿತ್ತು" ಎಂದೆ. ಅದನ್ನು ನಾನು ರೀತಿಗೆಂದು ಹೇಳಲಿಲ್ಲ. ಅವಳು ಖಾಲಿ ಲೋಟ ಎತ್ತಿಕೊಂಡಳು. ಆಮೇಲೆ ಶುರುವಾಯಿತು. "ಈಗ ಬಂದು ಹೇಳ್ತ್ರಲಿ! ಇಸ್ತ್ರಿ ಮಾಡಿದ ಸೀರೆ ಒಂದೂ ಇಲ್ಲೆ. ತಲೆ ನೋಡಿ, ಎಣ್ಣೆ ಹಾಕ್ಯಂಡು ಕೂತಿದ್ದೆ. ಅಷ್ಟು ಜನ ದೊಡ್ಡವ್ರ ಎದ್ರಿಗೆ ಆನು ಎಂತ ಹೇಳ್ಲಿ? ಒಂದು ವಾರ ಮುಂಚೆ ಹೇಳಿದ್ರೆ ನಿಂಗ್ಳ ಗಂಟು ಹೋಗ್ತಿತ್ತಾ?" ಗೊಣಗುತ್ತಲೇ ಒಳಗೆ ಹೋಗಿ ಕಪಾಟು ತೆರೆದಳು. ನಾನು ಗೋಡೆಗೆ ಒರಗಿ ನಿಂತೆ. ಒಂದು. ಗಟ್ಟಿ ಒಂದು.

ಸಭೆಯಲ್ಲಿ ಅವಳು ಕಾಲು ಗಂಟೆ ಮಾತಾಡಿದಳು. ಮೊದಲು ಸ್ವಲ್ಪ ತಡವರಿಸಿ, ಆಮೇಲೆ ತನ್ನ ಶಾಲೆಯ ಕೋಣೆಯಲ್ಲೇ ನಿಂತವಳ ಹಾಗೆ. ಗೊಣಗುವವರ ಲೆಕ್ಕ ಹೇಳಿದಾಗ ನಲವತ್ತಾರು ಜನ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹೇಳಿದ್ದು ನನಗೂ ಗೊತ್ತಿರದ ಸಂಗತಿ. ಬಿಸಿಯೂಟಕ್ಕೆ ಎಷ್ಟು ಅಕ್ಕಿ ಹಾಕಬೇಕು ಎಂದು ದಿನಾ ಬೆಳಿಗ್ಗೆ ಹೇಳುವುದು ಅವಳಲ್ಲವಂತೆ, ಮೂರನೆಯ ತರಗತಿಯ ಮಕ್ಕಳು. ಸರದಿಯಂತೆ ದಿನಕ್ಕೊಂದು ಮಗು, ಹಾಜರಿ ಕೂಗುವ ಮೊದಲೇ, ಯಾರು ಬರುವುದಿಲ್ಲ, ಯಾಕೆ ಬರುವುದಿಲ್ಲ ಎಂದು ಹೇಳಬೇಕು. ಗಣೇಶನ ಮನೆಯಲ್ಲಿ ಎಮ್ಮೆ ಕರು ಹಾಕಿದೆ, ಅವನು ಬರುವುದಿಲ್ಲ. ಸವಿತಾಳ ಅಜ್ಜಿ ಊರಿಂದ ಬಂದಿದ್ದಾಳೆ, ಸವಿತಾ ಬರುತ್ತಾಳೆ, ಆದರೆ ಊಟಕ್ಕೆ ಮನೆಗೆ ಓಡುತ್ತಾಳೆ. "ತಪ್ಪಿದರೆ ಅನ್ನ ಉಳಿಯುತ್ತದೆ, ಇಲ್ಲ ಸಾಲುವುದಿಲ್ಲ. ಎರಡೂ ಅವರ ಕಣ್ಣಿಗೇ ಕಾಣುತ್ತದೆ. ನಾನು ಬಯ್ಯಬೇಕಾದ್ದೇ ಇಲ್ಲ" ಎಂದಳು. "ಯಾರಾದರೂ ಎರಡು ದಿನ ಬರದಿದ್ದರೆ ಈಗ ಮಕ್ಕಳೇ ಮನೆಗೆ ಹೋಗಿ ಕರೆದುಕೊಂಡು ಬರುತ್ತಾರೆ, ನಾನು ಹೇಳಿ ಕಳಿಸಿದ್ದಲ್ಲ."

ಸಭೆ ಬರೆದುಕೊಳ್ಳುತ್ತಿತ್ತು. ಅರ್ಥಶಾಸ್ತ್ರದವರೂ ಬರೆದುಕೊಳ್ಳುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಯಲ್ಲಾಪುರದವರೊಬ್ಬರು, ಫಾರ್ಮಿನಲ್ಲಿ "ನೋಡೋಣ" ಎಂದು ತುಂಬಿದವರೇ, ಊಟವಾದ ಮೇಲೂ ಹೋಗದೆ ಉಳಿದಿದ್ದರು. ನಾವು ಕರೆಯಲು ಹೋದ ದಿನ ಅವರು ಮನೆಯಲ್ಲಿರಲಿಲ್ಲ, ಇಂದು ಊಟಕ್ಕೆ ಮೊದಲಿನ ಮಾತಿನ ಹೊತ್ತಿಗೆ ಆಗಲೇ ಎಲೆಯ ಮುಂದೆ ಕೂತಿದ್ದರು. "ಯಾರು ಸರ್ ಈ ಮೇಡಂ?" ಎಂದು ಕೇಳಿದರು. "ನನ್ನ ಹೆಂಡತಿ. ಶಾಲೆಯಲ್ಲಿ ಪಾಠ ಮಾಡುತ್ತಾಳೆ" ಎಂದೆ. ಮೊದಲೇ ಹೇಳಿದೆನಲ್ಲ, ನಾನು ಗರ್ವ ಬಿಟ್ಟವನಲ್ಲ. ಆವತ್ತು ಮಾತ್ರ ಅದನ್ನು ಇಡುವ ಜಾಗ ಬದಲಾಯಿತು. ಪ್ರಿನ್ಸಿಪಾಲರು ನಡಾವಳಿ ಪುಸ್ತಕದಲ್ಲಿ 'ಕ್ಷೇತ್ರಕಾರ್ಯ ಆಧಾರಿತ' ಎಂಬ ಸಾಲಿಗೆ ಗೀಟು ಹಾಕಿ, ಮೇಲೆ 'ಅಕ್ಕೋರ ಲೆಕ್ಕ' ಎಂದು ಬರೆದು, ಮತ್ತೆ ನನ್ನ ಸಹಿ ಹಾಕಿಸಿದರು. ಅಧ್ಯಕ್ಷರು ಎರಡನೆಯ ಸಾಲಿನಿಂದಲೇ ಮುಂದಿನ ವರ್ಷದ ಸಮ್ಮೇಳನಕ್ಕೆ ಒಪ್ಪಿಗೆ ಕೊಟ್ಟರು, ಕರೆಯ ಹೇಳಲು ಅಕ್ಕೋರೇ ಹೋಗಬೇಕು, ಕಾರು ಓಡಿಸಲು ನಾನು ಎಂಬ ಷರತ್ತಿನ ಮೇಲೆ.

ಸಂಜೆ ಮನೆಗೆ ಹೋಗುವಾಗ ಕಾರಿನಲ್ಲಿ ನೆನಪಾಗಿ ಕೇಳಿದೆ, ಆ ಉಳಿದ ಅರ್ಧ ಯಾರದ್ದು ಎಂದು. ನಾಗವೇಣಿ ಚೀಲದಿಂದ ನೋಟ್‌ಬುಕ್ಕು ತೆಗೆದು ಹಿಂದಿನ ಹಾಳೆ ತೋರಿಸಿದಳು. ಎಲ್ಲಕ್ಕಿಂತ ಮೇಲೆ, ಶ್ರೀಧರ ಸರ್ ಅವರ ಹೆಸರಿಗೂ ಮೊದಲು, ಅವಳದೇ ಹೆಸರಿತ್ತು. ಮುಂದೆ ಅರ್ಧ.

"ಕರೆದ್ರೆ ಒಂದು, ಮರೆತ್ರೆ ಸೊನ್ನೆ. ನಿಂಗ್ಳ ಮೇಲೆ ಎಷ್ಟು ನಂಬ್ಕೆ ಇಡಕು ಹೇಳಿ ಗೊತ್ತಾಗದ್ದೆ ಮಧ್ಯ ಹಾಕಿದ್ದೆ" ಎಂದಳು.

ನನಗೆ ಬೇಸರವಾಗಬೇಕಿತ್ತು. ಆದರೆ ನಾನು ಇಪ್ಪತ್ತೆರಡು ವರ್ಷ ಉತ್ತರಪತ್ರಿಕೆ ತಿದ್ದಿದವನು. ಅರ್ಧ ಎಂದರೆ ನೂರಕ್ಕೆ ಐವತ್ತು, ಐವತ್ತು ಎಂದರೆ ಸೆಕೆಂಡ್ ಕ್ಲಾಸು. ಅದೂ ಇಷ್ಟು ಬಿಗಿಯಾಗಿ ಅಂಕ ಕೊಡುವ ಅಕ್ಕೋರ ಕೈಯಲ್ಲಿ! ಮನೆ ಬರುವವರೆಗೂ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೇ ಕಾರು ಓಡಿಸಿದೆ.